ಮಾವಿನ ಮರದ ಕೆಳಗಿನ ಕೆಂಪು 800: ಬಣ್ಣ ಮರಳಿ ಬಂದ ಬಗೆ

ಅಪ್ಪ ಮಾರುತಿ 800 ಕೊಂಡದ್ದು 1999ರಲ್ಲಿ. ಕೆಂಪು ಬಣ್ಣ. ಈ ಫೆಬ್ರವರಿಯಲ್ಲಿ ಮೈಸೂರಿನ ಮನೆಗೆ ಹೋದಾಗ ಅದರ ಬಾನೆಟ್ಟು, ಟಾಪು ಎರಡೂ ಬಿಸಿಲಿಗೆ ಹಾಕಿ ಮರೆತ ಸೀರೆಯ ಹಾಗೆ ಬಿಳಿಚಿಕೊಂಡಿದ್ದವು. ಬಾಗಿಲುಗಳ ಕೆಳಭಾಗದಲ್ಲಿ, ಬಿಸಿಲು ನೇರ ಬೀಳದ ಕಡೆ ಮಾತ್ರ ಹಳೆಯ ಕೆಂಪು ಉಳಿದಿತ್ತು. ಕೈಯಿಂದ ಸವರಿದರೆ ಬೆರಳಿಗೆ ಗುಲಾಬಿ ಪುಡಿ ಅಂಟುತ್ತಿತ್ತು.

"ಪೇಂಟ್ ಹೊಡೆಸಿಬಿಡೋಣ ಬಿಡೋ, ಇನ್ನೇನ್ ಉಳ್ದಿದೆ ಅದ್ರಲ್ಲಿ" ಅಂದರು ಅಪ್ಪ.

"ಬೇಡಪ್ಪ, ಒಂದ್ ಐದಾರು ವಾರ ಟೈಮ್ ಕೊಡಿ. ಆಮೇಲೂ ಆಗ್ಲಿಲ್ಲ ಅಂದ್ರೆ ಹೊಡೆಸೋಣ" ಅಂದೆ.

ಕಾರ್ಖಾನೆಯಿಂದ ಬಂದ ಬಣ್ಣವನ್ನು ಒಮ್ಮೆ ಕೆರೆದು ತೆಗೆದರೆ ಅದು ಮತ್ತೆ ಸಿಗುವುದಿಲ್ಲ. ಬಣ್ಣ ಹೊಡೆದ ಮೇಲೆ ಕಾರ್ಖಾನೆಯವರು ಅದನ್ನು ದೊಡ್ಡ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ. ಬೀದಿಬದಿಯ ಶೆಡ್ಡಿನಲ್ಲಿ ಅಷ್ಟು ಶಾಖ ಕೊಡಲು ಆಗದು, ಕೊಟ್ಟರೆ ಒಳಗಿನ ಪ್ಲಾಸ್ಟಿಕ್ಕು, ರಬ್ಬರು ಕರಗಿ ಹೋಗುತ್ತವೆ. ಹಾಗಾಗಿ ಇದ್ದದ್ದನ್ನು ಉಳಿಸಿಕೊಳ್ಳುವ ಆಸೆ ನನಗೆ.

ಎಲ್ಲರ ಹಾಗೆ ನಾನೂ "ಯಾವ ವ್ಯಾಕ್ಸ್ ಒಳ್ಳೇದು?" ಎಂಬಲ್ಲಿಂದಲೇ ಶುರುಮಾಡಿದ್ದೆ. ಎರಡು ರಾತ್ರಿ ಡಬ್ಬಿಗಳ ಮೇಲಿನ ಬರಹ ಓದಿ ಕಳೆದೆ. ಅದು ತಪ್ಪು ಕ್ರಮ. ಕಾರಿನ ಮೈಮೇಲಿರುವ ಬಣ್ಣ ಯಾವ ಜಾತಿಯದು ಅನ್ನುವುದು ಗೊತ್ತಾಗದೆ ವ್ಯಾಕ್ಸ್ ಆರಿಸಲು ಬರುವುದಿಲ್ಲ. ನನ್ನ ಕೆಲಸದಲ್ಲಂತೂ ವ್ಯಾಕ್ಸ್ ಯಾವುದು ಎಂಬುದನ್ನು ತೀರ್ಮಾನಿಸಿದ್ದೇ ಬಣ್ಣ.

ಪರೀಕ್ಷೆ ಸುಲಭ. ಹಳೆಯ ಬಿಳಿ ಬನಿಯನ್ನಿನ ತುಂಡಿಗೆ ಕಡಲೆಕಾಳಿನಷ್ಟು ಪಾಲಿಷ್ ಹಾಕಿ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಉಜ್ಜಿದೆ. ಬಟ್ಟೆ ಕೆಂಪಾಯಿತು. ಅಂದರೆ ಇದು ಒಂದೇ ಪದರದ ಬಣ್ಣ. ಈಗಿನ ಕಾರುಗಳಿಗೆ ಇರುವಂತೆ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇಲ್ಲ. ಎಡಗಡೆ ಮುಂದಿನ ಮಡ್‌ಗಾರ್ಡಿನ ಮೇಲೆ ಅದೇ ಪರೀಕ್ಷೆ ಮಾಡಿದಾಗ ಬಟ್ಟೆಗೆ ಬರೀ ಬೂದು ಕೊಳೆ ಬಂತು, ಕೆಂಪು ಬರಲೇ ಇಲ್ಲ. ಹಿಂದೊಮ್ಮೆ ಆಟೋ ತಾಗಿ ಟಿಂಕರಿಂಗ್ ಮಾಡಿಸಿದ್ದು ಅಪ್ಪನಿಗೆ ಆಗ ನೆನಪಾಯಿತು. ಆ ಒಂದು ಭಾಗ ಮಾತ್ರ ಕ್ಲಿಯರ್ ಕೋಟಿನದು. ಒಂದೇ ಕಾರಿನಲ್ಲಿ ಎರಡು ಜಾತಿ ಬಣ್ಣ ಸಿಕ್ಕಿದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಹಳೆ ಕಾರುಗಳ ವ್ಯಾಪಾರ ಮಾಡುವ ಗೆಳೆಯನಿಂದ ಬಣ್ಣದ ದಪ್ಪ ಅಳೆಯುವ ಮೀಟರ್ ತಂದೆ. ಟಾಪಿನ ಮೇಲೆ 88 ಮೈಕ್ರಾನ್, ಡಿಕ್ಕಿ 92, ಬಾನೆಟ್ 74. ಟಿಂಕರಿಂಗ್ ಆದ ಮಡ್‌ಗಾರ್ಡ್ 231. ನಮ್ಮ ತಲೆಗೂದಲಿನ ದಪ್ಪವೇ ಹೆಚ್ಚುಕಡಿಮೆ 70 ಮೈಕ್ರಾನ್ ಇರುತ್ತದೆ; ಬಾನೆಟ್ಟಿನ ಮೇಲೆ ಬಣ್ಣದ ಅಡಿಗೆ ಹೊಡೆಯುವ ಪ್ರೈಮರನ್ನೂ ಸೇರಿಸಿ ಉಳಿದಿದ್ದದ್ದು ಒಂದು ಕೂದಲೆಳೆಯಷ್ಟು. ಒಂದು ಸಲ ಪಾಲಿಷ್ ಮಾಡಿದರೆ ಒಂದೆರಡು ಮೈಕ್ರಾನ್ ಹೋಗುತ್ತದೆ, ಬಣ್ಣವನ್ನು ಕೆರೆಯುವ ಒರಟು ಪೇಸ್ಟು, ಅಂದರೆ ರಬ್ಬಿಂಗ್ ಕಾಂಪೌಂಡ್, ಹಾಕಿದರೆ ಇನ್ನೂ ಹೆಚ್ಚು. ಎಂಟು ವರ್ಷದ ಹಿಂದೆ ಒಂದು ವರ್ಕ್‌ಶಾಪಿನಲ್ಲಿ "ಪಾಲಿಷ್ ಮಾಡಿಕೊಡ್ತೀವಿ" ಎಂದು ಮೆಷಿನ್ನಿನಲ್ಲಿ ರಬ್ಬಿಂಗ್ ಕಾಂಪೌಂಡ್ ತಿರುಗಿಸಿದ್ದರು. ಬಲಬಾಗಿಲಿನ ಅಂಚಿನಲ್ಲಿ ಎರಡು ಬೆರಳಷ್ಟು ಉದ್ದಕ್ಕೆ ಬಣ್ಣ ಹೋಗಿ ಪ್ರೈಮರ್ ಕಾಣುತ್ತಿದೆ. ಅಂಚು, ಮಡಿಕೆ, ಏಣುಗಳಲ್ಲಿ ಬಣ್ಣ ಯಾವಾಗಲೂ ತೆಳ್ಳಗೆ ನಿಂತಿರುತ್ತದೆ. ಮೆಷಿನ್ನಿನ ಒತ್ತಡವೂ ಅಲ್ಲೇ ಹೆಚ್ಚು ಬೀಳುತ್ತದೆ. ಹಾಗಾಗಿ ಮೀಟರ್ ಇಟ್ಟುಕೊಂಡೇ ಎರಡು ನಿಯಮ ಹಾಕಿಕೊಂಡೆ. ರಬ್ಬಿಂಗ್ ಕಾಂಪೌಂಡ್ ಮನೆಯೊಳಗೇ ಬರಬಾರದು. ಎಲ್ಲ ಅಂಚುಗಳಿಗೂ ಮಾಸ್ಕಿಂಗ್ ಟೇಪ್ ಹಾಕದೆ ಮೆಷಿನ್ ಚಾಲೂ ಮಾಡಬಾರದು.

ಮೊದಲ ಶನಿವಾರ ಪೂರ್ತಿ ತೊಳೆಯುವುದಕ್ಕೇ ಹೋಯಿತು. ಕಾರು ನಿಲ್ಲುವುದು ಬಾದಾಮಿ ಮಾವಿನ ಮರದ ಕೆಳಗೆ. ಹೂ ಬಿಟ್ಟ ಕಾಲದಲ್ಲಿ ಜಿಗಿಹುಳು ಹೂಗೊಂಚಲಿನ ರಸ ಹೀರಿ ಸಿಹಿ ಅಂಟನ್ನು ಕೆಳಗೆ ಸುರಿಸುತ್ತದೆ. ಬೆಳಗ್ಗೆ ನೋಡಿದರೆ ಗಾಜಿನ ಮೇಲೆ ಸಣ್ಣ ಸಣ್ಣ ಹನಿ, ಮುಟ್ಟಿದರೆ ಜಿಗುಟು. ಒರೆಸದೆ ಬಿಟ್ಟರೆ ಅದರ ಮೇಲೆ ಕಪ್ಪು ಬೂಸ್ಟು ಬೆಳೆಯುತ್ತದೆ. ಹಲವು ವರ್ಷಗಳ ಅಂಟು, ಬೂಸ್ಟು, ಧೂಳು ಪದರ ಪದರವಾಗಿ ಟಾಪಿನ ಮೇಲಿತ್ತು. ಇದನ್ನು ಉಗುರಿನಿಂದ ಕೆರೆಯಬಾರದು, ಒಣಬಟ್ಟೆಯಿಂದ ಉಜ್ಜಬಾರದು. ಸಕ್ಕರೆ ಅಂಶದ ಅಂಟು ನೀರಿಗೆ ಕರಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಟರ್ಕಿ ಟವೆಲ್ಲನ್ನು ಹತ್ತು ನಿಮಿಷ ಹೊದಿಸಿಟ್ಟರೆ ಸಾಕು, ತಾನೇ ಬಿಡುತ್ತದೆ. ಆಮೇಲೆ ಎರಡು ಬಕೆಟ್ಟಿನ ತೊಳೆತ: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ಉಜ್ಜಿದ ಮೇಲೆ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಶಾಂಪೂಗೆ ಅದ್ದುವುದು. ಮರಳುಕಣ ಮತ್ತೆ ಬಣ್ಣದ ಮೇಲೆ ಹೋಗದಂತೆ ತಡೆಯಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ಮೇಲಿನಿಂದ ಕೆಳಕ್ಕೆ ಬರಬೇಕು, ಚಕ್ರದ ಬಟ್ಟೆಯನ್ನು ಬೇರೆ ಇಡಬೇಕು.

ಕೊನೆಯ ನೀರು ಬೋರ್‌ವೆಲ್ಲಿನದು ಬೇಡ. ಗಡಸು ನೀರು ಒಣಗಿದ ಕಡೆ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ, ಬಿಸಿಲಿಗೆ ಅದು ಬಣ್ಣವನ್ನೇ ಕಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಕಾವೇರಿ ನಲ್ಲಿ ಬರುವ ಹೊತ್ತಿಗೆ ನಾಲ್ಕು ಬಕೆಟ್ ತುಂಬಿಟ್ಟುಕೊಂಡು ಅದರಲ್ಲೇ ಕೊನೆಯ ತೊಳೆತ ಮಾಡಿದೆ. ಬಾನೆಟ್ಟಿನ ಮೇಲಿದ್ದ ಹಳೆಯ ಉಂಗುರಗಳಿಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒಂದು ನಿಮಿಷ ಇಟ್ಟು, ಕೂಡಲೇ ಚೆನ್ನಾಗಿ ನೀರು ಹಾಕಿದೆ. ಮುಕ್ಕಾಲು ಪಾಲು ಹೋದವು.

ಅಪ್ಪ ಇಪ್ಪತ್ತೈದು ವರ್ಷದಿಂದ ದಿನಾ ಬೆಳಗ್ಗೆ ಹಳದಿ ಬಟ್ಟೆಯಲ್ಲಿ ಕಾರಿನ ಧೂಳು ಒರೆಸುತ್ತಾರೆ. ಆ ಕಾರಿನ ಮೇಲೆ ಅವರಿಗಿರುವ ಪ್ರೀತಿ ಅದು. ಕತ್ತಲಲ್ಲಿ ಟಾರ್ಚ್ ಹಿಡಿದು ಬಾಗಿಲನ್ನು ನೋಡಿದಾಗ ಜೇಡರ ಬಲೆಯಂತೆ ವೃತ್ತಾಕಾರದ ಗೀರುಗಳು ಕಂಡವು; ಒಣಧೂಳನ್ನು ಒಣಬಟ್ಟೆಯಲ್ಲಿ ಎಳೆದಾಗ ಬೀಳುವ ಗೀರುಗಳೇ ಅವು. ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಟಾರ್ಚನ್ನು ಅವರ ಕೈಗೇ ಕೊಟ್ಟೆ. ಸುಮಾರು ಹೊತ್ತು ನೋಡಿದರು. "ಹಾಗಾದ್ರೆ ಯಾವ ಬಟ್ಟೇಲಿ ಒರೆಸ್ಬೇಕು?" ಎಂದು ಕೇಳಿದರು. ಒಂದು ದಪ್ಪ ಮೈಕ್ರೋಫೈಬರ್ ಬಟ್ಟೆ, ಒಂದು ಸ್ಪ್ರೇ ಬಾಟಲಿ ತಂದುಕೊಟ್ಟಿದ್ದೇನೆ. ಈಗ ಒದ್ದೆ ಮಾಡದೆ ಅವರು ಕಾರನ್ನು ಮುಟ್ಟುವುದಿಲ್ಲ.

ತೊಳೆದು ಒಣಗಿಸಿದ ಮೇಲೂ ಮೇಲ್ಮೈ ನುಣುಪಾಗಿರಲಿಲ್ಲ. ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಸವರಿದರೆ ಸಣ್ಣ ರವೆ ಮುಟ್ಟಿದ ಹಾಗೆ ತಿಳಿಯುತ್ತದೆ. ಬರಿಗೈಗೆ ತಿಳಿಯದ್ದು ಕವರಿನ ಮೂಲಕ ತಿಳಿಯುತ್ತದೆ. ಬ್ರೇಕಿನ ಕಬ್ಬಿಣದ ಪುಡಿ, ಡಾಂಬರಿನ ಹನಿ, ಮರದ ಅಂಟು, ಎಲ್ಲ ಬಣ್ಣದಲ್ಲಿ ನೆಟ್ಟುಕೊಂಡಿರುತ್ತವೆ. ಎರಡನೆಯ ಶನಿವಾರ ಇದನ್ನು ತೆಗೆಯುವ ಕೆಲಸ. ಕ್ಲೇ ಬಾರ್ ಅನ್ನುವುದು ಮಕ್ಕಳ ಆಟದ ಮಣ್ಣಿನಂಥದು. ಅಂಗೈ ಅಗಲಕ್ಕೆ ತಟ್ಟಿಕೊಂಡು, ಬಣ್ಣದ ಮೇಲೆ ಜಾರುವ ದ್ರವ ಧಾರಾಳವಾಗಿ ಸಿಂಪಡಿಸಿ, ಒತ್ತದೆ ನೇರ ಗೆರೆಯಲ್ಲಿ ಓಡಿಸಬೇಕು. ಮೊದಲು ಗರಗರ ಸದ್ದು, ಆಮೇಲೆ ಸದ್ದು ನಿಲ್ಲುತ್ತದೆ. ಅಲ್ಲಿಗೆ ಆ ಜಾಗ ಮುಗಿಯಿತು. ಮಣ್ಣನ್ನು ಮಡಿಸಿ ಹೊಸ ಮುಖ ಮಾಡಿಕೊಂಡು ಮುಂದಿನ ಜಾಗಕ್ಕೆ ಹೋಗುವುದು. ನನ್ನ 100 ಗ್ರಾಂ ತುಂಡನ್ನು ಎರಡು ಮಾಡಿಟ್ಟುಕೊಂಡಿದ್ದು ಒಳ್ಳೆಯದಾಯಿತು. ಅರ್ಧ ತುಂಡು ಕೈಜಾರಿ ಅಂಗಳದ ಮಣ್ಣಿಗೆ ಬಿತ್ತು. ಬಿದ್ದ ಕ್ಲೇ ಮತ್ತೆ ಬಳಸುವ ಹಾಗಿಲ್ಲ, ಅದರಲ್ಲಿ ಹೂತ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಇನ್ನು ಮುಖ್ಯ ಭಾಗ.

ಒಂದೇ ಪದರದ ಕೆಂಪು ಬಣ್ಣ ಬಿಳಿಚುವುದೇಕೆ? ಬಣ್ಣದಲ್ಲಿ ಎರಡು ವಸ್ತುಗಳಿವೆ: ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಹಿಡಿದಿಡುವ ರಾಳ. ಬಿಸಿಲಿನ ಅತಿನೇರಳೆ ಕಿರಣ ರಾಳವನ್ನು ಮೇಲಿನಿಂದ ಕೊರೆಯುತ್ತ ಬರುತ್ತದೆ. ಹಿಡಿತ ತಪ್ಪಿದ ಪುಡಿ ಸುಣ್ಣದ ಗೋಡೆಯ ಹಾಗೆ ಮೇಲೆ ನಿಲ್ಲುತ್ತದೆ. ಒರಟಾದ ಮೇಲ್ಮೈಯಲ್ಲಿ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ಕೆಂಪು ಬಿಳಿಚಿದಂತೆ ಕಾಣುತ್ತದೆ. ಎಷ್ಟೋ ಜನ ಸೀದಾ ಮೆಷಿನ್ ಹಿಡಿದು ಈ ಒಣ ಪದರವನ್ನು ಕಡಿದು ಹಾಕುತ್ತಾರೆ. ಕೆಂಪೇನೋ ಬರುತ್ತದೆ, ಆದರೆ 74 ಮೈಕ್ರಾನಿನಲ್ಲಿ ಕಡಿಯಲು ಎಷ್ಟಿದೆ?

ಅದಕ್ಕೇ ಮೊದಲು ಎಣ್ಣೆ ಕುಡಿಸಬೇಕು. ಅಮೆರಿಕದಿಂದ ಬಂದ ಅಕ್ಕನ ಮಗನ ಕೈಲಿ ಮೆಗ್ವಾಯರ್ಸ್‌ನ 7ನೇ ನಂಬರಿನ ಗ್ಲೇಝ್ ತರಿಸಿಕೊಂಡಿದ್ದೆ. ಮೆಗ್ವಾಯರ್ಸ್ 1901ರಲ್ಲಿ ಮರದ ಪೀಠೋಪಕರಣಗಳಿಗೆ ಪಾಲಿಷ್ ಮಾಡುತ್ತ ಶುರುವಾದ ಕಂಪನಿ. ಈ 7ನೇ ನಂಬರು ಕ್ಲಿಯರ್ ಕೋಟ್ ಬರುವುದಕ್ಕೂ ಮುಂಚಿನ ಕಾಲದ ಬಣ್ಣಗಳಿಗೆಂದೇ ಇರುವ ಹಳೆಯ ಮಾಲು. ಬಣ್ಣವನ್ನು ಕಡಿಯುವುದು ಇದರ ಕೆಲಸ ಅಲ್ಲ. ಎಣ್ಣೆ ಹೇರಳವಾಗಿರುವ, ಜಿಗುಟಾದ, ಉಜ್ಜಲು ತುಂಬಾ ಕಷ್ಟದ ದ್ರವ. ಒಂದೇ ಪದರದ ಬಣ್ಣ ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತದೆ, ಅದನ್ನು ನಂಬಿ ಮಾಡುವ ಕೆಲಸ ಇದು. ಮನೆಯ ಬಾಗಿಲಿಗೆ ಎಣ್ಣೆ ಹಚ್ಚಿದ ಮಾರನೆಯ ದಿನ ಮರದ ಬಣ್ಣ ಗಾಢವಾಗಿ ನಿಂತಿರುತ್ತದಲ್ಲ, ಹಾಗೆ.

ಮೂರನೆಯ ಶನಿವಾರ ಸಂಜೆ ಟರ್ಕಿ ಟವೆಲ್ಲಿನ ತುಂಡಿನಿಂದ ಬಾನೆಟ್ಟು, ಟಾಪು, ಡಿಕ್ಕಿಗೆ ಹಚ್ಚಿದೆ. ಟರ್ಕಿ ಟವೆಲ್ಲೇ ಯಾಕೆಂದರೆ ಅದರ ದಾರದ ಕುಣಿಕೆಗಳು ಸಡಿಲ ಪುಡಿಯನ್ನು ಎತ್ತಿಕೊಳ್ಳುತ್ತವೆ. ಹತ್ತು ನಿಮಿಷದಲ್ಲಿ ಟವೆಲ್ ಕುಂಕುಮದಲ್ಲಿ ಅದ್ದಿದ ಹಾಗಾಯಿತು. ಅದು ಸತ್ತ ಬಣ್ಣ, ಹೋಗಬೇಕಾದದ್ದೇ. ಬೇಗ ಬೇಗ ಮುಖ ಬದಲಿಸುತ್ತ ಉಜ್ಜಿ, ದಪ್ಪಗೆ ಇನ್ನೊಂದು ಸಲ ಬಳಿದು, ಒರೆಸದೆ ರಾತ್ರಿಯಿಡೀ ಬಿಟ್ಟೆ. ಮರದ ಕೆಳಗೆ ಬಿಡುವ ಹಾಗಿರಲಿಲ್ಲ. ಪಕ್ಕದ ಮನೆಯವರ ಶೀಟಿನ ಶೆಡ್ಡು ಖಾಲಿ ಇತ್ತು, ಕೇಳಿ ಅಲ್ಲಿ ನಿಲ್ಲಿಸಿದೆ.

ಭಾನುವಾರ ಬೆಳಗ್ಗೆ ಒರೆಸಿದಾಗ ಬಾನೆಟ್ಟಿನ ಬಣ್ಣ ನೋಡಿ ನನಗೆ ಮಾತು ಬರಲಿಲ್ಲ. ಹೊಳಪು ಇನ್ನೂ ಇರಲಿಲ್ಲ, ಗೀರುಗಳೆಲ್ಲ ಇದ್ದವು. ಆದರೆ ಕೆಂಪು ಬಂದಿತ್ತು, ಮಾಗಿದ ಟೊಮೆಟೊದ ಕೆಂಪು. ಮೀಟರ್ ಇಟ್ಟೆ: 74ರಲ್ಲೇ ನಿಂತಿತ್ತು. ಟಾಪಿನ ಮಧ್ಯದಲ್ಲಿ, ಬಿಸಿಲು ಅತಿ ಹೆಚ್ಚು ಬೀಳುವ ಕಡೆ, ಎರಡು ಅಂಗೈ ಅಗಲ ಇನ್ನೂ ಬಿಳಿಚಿತ್ತು. ಅಲ್ಲಿಗೆ ಇನ್ನೆರಡು ರಾತ್ರಿ ಕುಡಿಸಬೇಕಾಯಿತು.

ಪಾಲಿಷ್ ಮಾಡುವುದು ಅದಾದ ಮೇಲೆ. ಡುಯಲ್ ಆಕ್ಷನ್ ಮೆಷಿನ್ನು, ಮೆತ್ತನೆಯ ಸ್ಪಂಜಿನ ಪ್ಯಾಡು, ಅತಿ ನುಣುಪಿನ ಫಿನಿಷಿಂಗ್ ಪಾಲಿಷ್. ಈ ಮೆಷಿನ್ನಿನ ಪ್ಯಾಡು ತಿರುಗುತ್ತಲೇ ಅಲುಗಾಡುವುದರಿಂದ ಒಂದೇ ಕಡೆ ಶಾಖ ಕೂಡುವುದಿಲ್ಲ. ಬರೀ ಗಿರಗಿರ ತಿರುಗುವ ರೋಟರಿ ಮೆಷಿನ್ನು ಹೊಸಬರ ಕೈಯಲ್ಲಿ ಬಣ್ಣ ಸುಡುತ್ತದೆ. ಒಂದೂವರೆ ಅಡಿ ಚೌಕ ಒಮ್ಮೆಗೆ, ಅಡ್ಡ ಒಂದು ಸಲ, ಉದ್ದ ಒಂದು ಸಲ, ನಿಧಾನ. ಪ್ಯಾಡು ಕೆಂಪಾಗುತ್ತಲೇ ಇರುತ್ತದೆ, ಎರಡು ಚೌಕಕ್ಕೊಮ್ಮೆ ಬ್ರಷ್ಷಿನಿಂದ ಕೆದರಿ ಶುಚಿ ಮಾಡದಿದ್ದರೆ ಹಳೆಯ ಪುಡಿಯನ್ನೇ ಮತ್ತೆ ಬಳಿದಂತೆ. ಬಾನೆಟ್ ಮೇಲೆ ಒಂದೇ ಸುತ್ತು ಹಾಕಿ ನಿಲ್ಲಿಸಿದೆ. ಆಳದ ಗೀರು ಹತ್ತಾರು ಉಳಿದಿವೆ, ಉಳಿಯಲಿ. ಅವನ್ನು ಅಳಿಸಲು ಹೋದರೆ ಬಣ್ಣವೇ ಹೋಗುತ್ತದೆ. ಆಮೇಲೆ ಮತ್ತೆ ಒಂದು ತೆಳು ಗ್ಲೇಝ್.

ವ್ಯಾಕ್ಸ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಮಾರುಕಟ್ಟೆಯಲ್ಲಿ ಮೂರು ಜಾತಿ. ಒಂದು, ಕಾರ್ನೌಬಾ. ಬ್ರೆಜಿಲ್ಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಎಲೆಯ ಮೇಲಿನ ಮೇಣ. ಒಣ ಸೀಮೆಯಲ್ಲಿ ಎಲೆಯ ನೀರು ಆರದಂತೆ ಮರ ತಾನೇ ಹೊದ್ದುಕೊಳ್ಳುವ ಹೊದಿಕೆ. ಎಲೆ ಒಣಗಿಸಿ ಬಡಿದು ಉದುರಿಸುತ್ತಾರೆ. ಕರಗುವುದು 82ರಿಂದ 86 ಡಿಗ್ರಿಯಲ್ಲಿ, ಜೇನುಮೇಣಕ್ಕಿಂತ ಸುಮಾರು ಇಪ್ಪತ್ತು ಡಿಗ್ರಿ ಮೇಲೆ. ಮಾತ್ರೆ, ಮಿಠಾಯಿಗಳ ಮೇಲಿನ ಹೊಳಪೂ ಎಷ್ಟೋ ಸಲ ಇದೇ. ಡಬ್ಬಿಯ ಮೇಲೆ "100% ಕಾರ್ನೌಬಾ" ಎಂದಿದ್ದರೆ ಡಬ್ಬಿಯಲ್ಲಿರುವುದೆಲ್ಲ ಅದೇ ಎಂದುಕೊಳ್ಳಬೇಡಿ: ಶುದ್ಧ ಕಾರ್ನೌಬಾ ಇಟ್ಟಿಗೆಯಷ್ಟು ಗಟ್ಟಿ, ಎಣ್ಣೆ, ದ್ರಾವಕ ಬೆರೆಸದೆ ಯಾರಿಂದಲೂ ಹಚ್ಚಲು ಆಗದು. ಬಣ್ಣಕ್ಕೆ ಒಂದು ಆಳ, ಬೆಚ್ಚಗಿನ ಹೊಳಪು ಕೊಡುತ್ತದೆ. ಬಾಳಿಕೆ ಮಾತ್ರ ಕಡಿಮೆ, ನಮ್ಮ ಬಿಸಿಲಲ್ಲಿ ಆರರಿಂದ ಎಂಟು ವಾರ ಬಂದರೆ ಹೆಚ್ಚು. ಎರಡು, ಪಾಲಿಮರ್ ಸೀಲೆಂಟ್, ಅಂದರೆ ಮೇಣದ ಬದಲು ಹಚ್ಚುವ ಕೃತಕ ಲೇಪ. ಗಾಜಿನಂಥ ಹೊಳಪು, ನಾಲ್ಕೈದು ತಿಂಗಳ ಬಾಳಿಕೆ. ಮೂರು, ಸಿಲಿಕಾ ಆಧಾರದ ಸೆರಾಮಿಕ್ ಕೋಟಿಂಗ್, ವರ್ಷಗಟ್ಟಲೆ ನಿಲ್ಲುತ್ತದೆ, ಆದರೆ ಹಚ್ಚುವ ಮುಂಚೆ ಮೇಲ್ಮೈ ತೀರಾ ಶುದ್ಧವಾಗಿರಬೇಕು. ಟೆಫ್ಲಾನ್ ಹೆಸರಿನಲ್ಲಿ ಮಾರುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಟೆಫ್ಲಾನ್ ಮೆದುವಾಗಿ ಅಂಟಬೇಕಾದರೆ 327 ಡಿಗ್ರಿ ದಾಟಬೇಕು, ಸ್ಪಂಜಿನಲ್ಲಿ ಉಜ್ಜಿದರೆ ಅದು ಬಣ್ಣವನ್ನು ಹಿಡಿಯುವುದು ಹೇಗೆ?

ಸೀಲೆಂಟಿಗೂ ಸೆರಾಮಿಕ್ಕಿಗೂ ಬರಿಯ ಬಣ್ಣ ಬೇಕು. ಮಧ್ಯೆ ಎಣ್ಣೆಯಿದ್ದರೆ ಅವು ಹಿಡಿಯುವುದಿಲ್ಲ, ಅದಕ್ಕೇ ಆಲ್ಕೋಹಾಲಿನಿಂದ ಒರೆಸಿ ಹಚ್ಚುತ್ತಾರೆ. ನಾನು ಮೂರು ರಾತ್ರಿ ಕೂತು ಕುಡಿಸಿದ ಎಣ್ಣೆಯನ್ನೇ ಆಲ್ಕೋಹಾಲಿನಲ್ಲಿ ಎಳೆದು ತೆಗೆಯುವುದೆಂದರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಕಾರ್ನೌಬಾಕ್ಕೆ ಎಣ್ಣೆಯ ಜತೆ ಜಗಳವಿಲ್ಲ, ಅದರ ಮೇಲೆಯೇ ಕೂರುತ್ತದೆ. ಹಾಗಾಗಿ ಮೂಲ ಬಣ್ಣದ ಭಾಗಗಳಿಗೆಲ್ಲ ಪೇಸ್ಟ್ ರೂಪದ ಕಾರ್ನೌಬಾ. ಕ್ಲಿಯರ್ ಕೋಟ್ ಇದ್ದ ಎಡ ಮಡ್‌ಗಾರ್ಡಿಗೆ ಮಾತ್ರ ಗ್ಲೇಝ್ ಹಚ್ಚದೆ, ಒರೆಸಿ, ಸೀಲೆಂಟ್. ಒಂದೇ ಕಾರು, ಒಂದೇ ಬಿಸಿಲು, ಒಂದೇ ಮರ. ಎರಡೂ ಎಷ್ಟು ದಿನ ನಿಲ್ಲುತ್ತವೆ ನೋಡಬಹುದು.

ಹಚ್ಚಿದ್ದು ಮಾರ್ಚ್ ಕೊನೆಯ ಶನಿವಾರ, ಬೆಳಗ್ಗೆ ಏಳಕ್ಕೆ, ಬಾನೆಟ್ ತಣ್ಣಗಿರುವಾಗ. ಇಡೀ ಬಾನೆಟ್ಟಿಗೆ ಒಂದು ಚಮಚಕ್ಕಿಂತ ಕಡಿಮೆ ಸಾಕು. ಸ್ಪಂಜನ್ನು ಒದ್ದೆ ಮಾಡಿ ಹಿಂಡಿ, ಹಚ್ಚಿದ್ದೇ ಕಾಣಿಸದಷ್ಟು ತೆಳ್ಳಗೆ. ದಪ್ಪ ಹಚ್ಚಿದರೆ ಹೆಚ್ಚು ದಿನ ಬರುತ್ತದೆ ಅನ್ನುವುದು ಸುಳ್ಳು. ಬಣ್ಣಕ್ಕೆ ಅಂಟಿದ ತೆಳು ಪದರವಷ್ಟೇ ಉಳಿಯುತ್ತದೆ, ಉಳಿದದ್ದೆಲ್ಲ ಒರೆಸುವ ಬಟ್ಟೆಗೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮಂಜು ಕಟ್ಟಿದಂತೆ ಆಗುತ್ತದೆ. ಬೆರಳಿಂದ ಒಂದು ಗೆರೆ ಎಳೆದು ನೋಡಬೇಕು: ಗೆರೆ ಸ್ವಚ್ಛವಾಗಿ ಬಿದ್ದರೆ ಒರೆಸುವ ಹೊತ್ತು, ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಎರಡನೆಯ ಕೋಟ್ ಮಾರನೆಯ ದಿನ, ಮೊದಲ ಸಲ ತಪ್ಪಿಹೋದ ಜಾಗಗಳಿಗಾಗಿ. ಕಪ್ಪು ಬಂಪರಿನ ಒಂದು ಕಡೆ ಟೇಪ್ ಬಿಟ್ಟು ಬಿಳಿ ಕಲೆಯಾಯಿತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದಾಗ ಹೋಯಿತು.

ಅವತ್ತು ಸಂಜೆ ಅಪ್ಪ ಕುರ್ಚಿ ತಂದು ಕಾರಿನ ಎದುರು ಹಾಕಿಕೊಂಡು ಕೂತರು. "ತಂದ ದಿವ್ಸ ಹಿಂಗೇ ಇತ್ತು" ಅಂದರು. ಬಾನೆಟ್ಟಿನಲ್ಲಿ ಮಾವಿನ ಕೊಂಬೆ ಎಲೆ ಎಲೆಯಾಗಿ ಕಾಣುತ್ತಿತ್ತು.

ಭರಣಿ ಮಳೆಯ ಮೊದಲ ಹನಿಗಳು ಬಿದ್ದಾಗ ನೀರು ಬಾನೆಟ್ ಮೇಲೂ ಮಡ್‌ಗಾರ್ಡ್ ಮೇಲೂ ಮುತ್ತಿನಂತೆ ಗುಂಡಾಗಿ ನಿಂತಿತ್ತು. ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಒಂಬತ್ತನೆಯ ವಾರಕ್ಕೆ, ಟಾಪಿನ ಮೇಲಿನ ಹನಿಗಳು ಚಪ್ಪಟೆಯಾಗಿ ಅಗಲವಾಗಿದ್ದವು. ಬಾಗಿಲುಗಳಲ್ಲಿ ಇನ್ನೂ ಗುಂಡಗಿದ್ದವು. ಆರಿದ್ರಾ ಮಳೆಗೆ ಟಾಪಿನ ಮೇಲೆ ನೀರು ಹಾಳೆಯಂತೆ ಹರಡಿತು, ಬಟ್ಟೆ ಎಳೆದರೆ ಜಾರುವುದು ನಿಂತಿತ್ತು. ಮಡ್‌ಗಾರ್ಡಿನ ಸೀಲೆಂಟ್ ಮಾತ್ರ ಹದಿಮೂರನೆಯ ವಾರದಲ್ಲೂ ನೀರನ್ನು ಮೊದಲ ದಿನದಂತೆಯೇ ಉರುಳಿಸುತ್ತಿತ್ತು. ಬಾಳಿಕೆಯಲ್ಲಿ ಗೆದ್ದದ್ದು ಅದೇ. ಆದರೂ ಎರಡನ್ನೂ ಪಕ್ಕಪಕ್ಕ ನಿಂತು ನೋಡಿದರೆ ಬಾನೆಟ್ಟಿನ ಕೆಂಪಿಗಿರುವ ಆಳ ಮಡ್‌ಗಾರ್ಡಿಗಿಲ್ಲ, ಹಳೆಯ ಬಣ್ಣಕ್ಕೆ ಕಾರ್ನೌಬಾ ಬಿಟ್ಟು ಬೇರೆಯದನ್ನು ನಾನು ಹಚ್ಚಲಾರೆ. ಹಕ್ಕಿ ಹಿಕ್ಕೆಯ ವಿಷಯದಲ್ಲಿ ಎರಡನ್ನೂ ನಂಬುವಂತಿಲ್ಲ. ಒಂದು ದಿನ ಊರಲ್ಲಿ ಯಾರೂ ಇರದಿದ್ದಾಗ ಡಿಕ್ಕಿಯ ಮೇಲೆ ಬಿದ್ದದ್ದು ಒಂದೇ ಮಧ್ಯಾಹ್ನದ ಬಿಸಿಲಿಗೆ ವ್ಯಾಕ್ಸ್ ತಿಂದು ಬಣ್ಣಕ್ಕೆ ಮಂಕು ಕಲೆ ಮಾಡಿತು. ಕಂಡ ತಕ್ಷಣ ಒದ್ದೆ ಬಟ್ಟೆ ಹೊದಿಸಿ, ನೆನೆಸಿ, ಎತ್ತಿ ತೆಗೆಯಬೇಕು.

ಕಳೆದ ಭಾನುವಾರ ಮಳೆ ಬಿಡುವು ಕೊಟ್ಟಾಗ ಟಾಪು, ಬಾನೆಟ್ಟು, ಡಿಕ್ಕಿ ಮೂರಕ್ಕೂ ಮತ್ತೆ ವ್ಯಾಕ್ಸ್ ಹಾಕಿದೆ. ತೊಳೆದು ಒಣಗಿಸಿದ ಮೇಲೆ ನಲವತ್ತು ನಿಮಿಷದ ಕೆಲಸ. ಕ್ಲೇ, ಪಾಲಿಷ್ ಏನೂ ಬೇಕಾಗಲಿಲ್ಲ. ಥಂಡಿಗೆ ಒಣಗಲು ಹೆಚ್ಚು ಹೊತ್ತು ಹಿಡಿಯಿತು, ಅಷ್ಟೇ. ಇನ್ನು ಉಳಿದಿರುವುದು ಬಲಬಾಗಿಲಿನ ಅಂಚಿನಲ್ಲಿ ಪ್ರೈಮರ್ ಕಾಣುವ ಎರಡು ಬೆರಳುದ್ದದ ಜಾಗ. ಸಣ್ಣ ಬಾಟಲಿಯಲ್ಲಿ ಆ ಕೆಂಪನ್ನೇ ಬೆರೆಸಿಕೊಡುವ ಪೇಂಟ್ ಅಂಗಡಿಯವರು ಸಿಕ್ಕಿದ್ದಾರೆ, ಬಣ್ಣ ಹೊಂದಿಸಲು ಪೆಟ್ರೋಲ್ ಮುಚ್ಚಳ ಬಿಚ್ಚಿ ಕೊಟ್ಟು ಬಂದಿದ್ದೇನೆ. ಮಳೆಗಾಲ ಕಳೆದು, ಹವೆ ಒಣಗಿದ ಮೇಲೆ ತೆಳು ಕುಂಚದಲ್ಲಿ ಪದರ ಪದರವಾಗಿ ಹಚ್ಚುವುದು. ಹೊಸ ಬಣ್ಣ ಪೂರ್ತಿ ಆರುವ ತನಕ ಒಂದೆರಡು ತಿಂಗಳು ಆ ಜಾಗಕ್ಕೆ ವ್ಯಾಕ್ಸ್ ಸೋಕಿಸುವುದಿಲ್ಲ.